ಹಾಸು ಕರುಳು, ಹೊಕ್ಕು ಪಾಲಿಯೆಸ್ಟರ್

(ಉಪನ್ಯಾಸವೊಂದರ ಪಠ್ಯ)



ಬ್ಯಾಡ್ಮಿಂಟನ್ನೋ ಟೆನಿಸ್ಸೋ ಆಡುವ ಮಕ್ಕಳಿರುವ ಮನೆಗಳಲ್ಲಿ 'ಗಟ್ಟಿಂಗ್ ಹಾಕಿಸಬೇಕು' ಎಂಬ ಮಾತು ಆಗಾಗ ಕೇಳಿಬರುತ್ತದೆ. ರ‍್ಯಾಕೆಟ್ಟಿನ ಎಳೆ ಹರಿದಿದೆ, ಆಟದ ಸಾಮಾನಿನ ಅಂಗಡಿಗೆ ಒಯ್ದು ಹೊಸದನ್ನು ಬಿಗಿಸಬೇಕು ಎಂದು ಇದರ ಅರ್ಥ. ಅಂಗಡಿಯವರು ಸಾಮಾನ್ಯವಾಗಿ ಬಿಗಿಸಿಕೊಡುವುದು ನೈಲಾನ್ ಎಳೆಯನ್ನು. ಆದರೆ ಅದರ ಹೆಸರು ಮಾತ್ರ ಗಟ್ ಎಂದೇ ಉಳಿದಿದೆ. ಗಟ್ ಎಂದರೆ ಕರುಳು. ಒಂದಾನೊಂದು ಕಾಲದಲ್ಲಿ ರ‍್ಯಾಕೆಟ್ಟಿಗೆ ಪ್ರಾಣಿಯ ಕರುಳಿನಿಂದ ಮಾಡಿದ ಎಳೆಯನ್ನೇ ಹೆಣೆಯುತ್ತಿದ್ದರು. ಆ ವಸ್ತು ಸಾಮಾನ್ಯರ ಕೈಯಿಂದ ಮರೆಯಾದ ಮೇಲೂ ಅದರ ಹೆಸರು ನಮ್ಮ ಅಂಗಡಿಗಳಲ್ಲಿ ನಿಂತುಬಿಟ್ಟಿದೆ.

ವಿಶೇಷವೆಂದರೆ, ಟೆನಿಸ್ ಆಟದ ಶಿಖರದಲ್ಲಿರುವವರ ರ‍್ಯಾಕೆಟ್ಟಿನಿಂದ ಕರುಳು ಇಂದಿಗೂ ಪೂರ್ತಿ ಹೋಗಿಲ್ಲ. ರೋಜರ್ ಫೆಡರರ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಅರ್ಧ ಕರುಳು, ಅರ್ಧ ಪಾಲಿಯೆಸ್ಟರ್ ಹೆಣೆದ ರ‍್ಯಾಕೆಟ್ಟಿನಲ್ಲಿ ಕಳೆದರು. ನೊವಾಕ್ ಜೊಕೊವಿಚ್ ಕೂಡ ಅದೇ ಜೋಡಿಯನ್ನು ನೆಚ್ಚಿಕೊಂಡವರು. ಹೀಗೆ ಎರಡು ಬಗೆಯ ಎಳೆಗಳನ್ನು ಒಂದೇ ಚೌಕಟ್ಟಿನಲ್ಲಿ ಹೆಣೆಯುವುದಕ್ಕೆ ಹೈಬ್ರಿಡ್ ಎನ್ನುತ್ತಾರೆ. ಜೋಳಕ್ಕೂ ಹತ್ತಿಗೂ ಹೈಬ್ರಿಡ್ ಎಂಬ ಮಾತನ್ನು ಬಳಸಿ ರೂಢಿಯಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ತಳಿಗಳ ಒಳ್ಳೆಯ ಗುಣಗಳು ಒಂದರಲ್ಲಿ ಕೂಡಿಬರಲಿ ಎಂಬ ಆಸೆ ಅದರ ಹಿಂದಿದೆ. ಆ ಆಸೆ ಎಷ್ಟರಮಟ್ಟಿಗೆ ಈಡೇರುತ್ತದೆ? ಬಲ, ಸ್ಪಿನ್ ಮತ್ತು ಕೈಗೆ ಸಿಗುವ ಹದ, ಈ ಮೂರನ್ನು ಪರೀಕ್ಷಿಸಿ ನೋಡುವ ಬಗೆ ಯಾವುದು? ಚಾಂಪಿಯನ್ನರ ಎಳೆಯನ್ನು ಕಂಡು ಹದಿಮೂರು ವರ್ಷದ ಮಗುವಿನ ರ‍್ಯಾಕೆಟ್ಟಿಗೂ ಅದನ್ನೇ ಹಾಕಿಸುವುದು ಸರಿಯೇ? ಇವು ಇಂದಿನ ವಿಷಯ.

ಮಗ್ಗದ ಮಾತು

ಮೊದಲು ರ‍್ಯಾಕೆಟ್ಟಿನ ಹೆಣಿಗೆಯನ್ನು ಗಮನಿಸೋಣ. ಹಿಡಿಯಿಂದ ತುದಿಯ ದಿಕ್ಕಿಗೆ ಓಡುವ ಉದ್ದದ ಎಳೆಗಳು ಒಂದು ಗುಂಪು. ಅವನ್ನು ದಾಟಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ ನುಸುಳುವ ಅಡ್ಡ ಎಳೆಗಳು ಇನ್ನೊಂದು ಗುಂಪು. ನೇಕಾರರ ಮಾತಿನಲ್ಲಿ ಹೇಳುವುದಾದರೆ ಹಾಸು ಮತ್ತು ಹೊಕ್ಕು. ಇಂದು ಹೆಚ್ಚು ಬಳಕೆಯಲ್ಲಿರುವ ಹೆಣಿಗೆಯಲ್ಲಿ 16 ಉದ್ದದ ಎಳೆಗಳು, 19 ಅಡ್ಡ ಎಳೆಗಳು ಇರುತ್ತವೆ. ಇನ್ನೂ ಒತ್ತಾದ ಹೆಣಿಗೆ ಬೇಕೆನ್ನುವವರಿಗೆ 18ಕ್ಕೆ 20. ಇಡೀ ರ‍್ಯಾಕೆಟ್ಟಿಗೆ ಬೇಕಾಗುವ ಎಳೆ ಸುಮಾರು 12 ಮೀಟರ್. ಅದರ ದಪ್ಪ ಸಾಮಾನ್ಯವಾಗಿ 1.20ರಿಂದ 1.35 ಮಿಲಿಮೀಟರ್.

ಒಂದೇ ಬಟ್ಟೆಯಲ್ಲಿ ಎರಡು ನೂಲುಗಳನ್ನು ಕೂಡಿಸುವುದು ನಮ್ಮ ನೇಕಾರರಿಗೆ ಹೊಸತಲ್ಲ. ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು ಬಳಸಿ ಎರಡನ್ನೂ ಕೊಂಡಿಯಂತೆ ಸೇರಿಸುವ ಪದ್ಧತಿ ಹಳೆಯದು. ದಿನದ ಬಳಕೆಗೆ ಹತ್ತಿ, ಮೆರುಗಿಗೆ ರೇಷ್ಮೆ, ಒಂದೊಂದಕ್ಕೂ ಅದರದೇ ಕೆಲಸ. ಟೆನಿಸ್ ರ‍್ಯಾಕೆಟ್ಟಿನಲ್ಲೂ ಹಾಗೆಯೇ. ಉದ್ದದ ಎಳೆಗಳು ಹೆಚ್ಚು ಉದ್ದ, ಹೆಚ್ಚು ಚಲನಶೀಲ. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದಾಗ ಪಕ್ಕಕ್ಕೆ ಸರಿಯುವುದು ಇವೇ, ಸಾಮಾನ್ಯವಾಗಿ ಮೊದಲು ಹರಿಯುವುದೂ ಇವೇ. ಆದ್ದರಿಂದ ರ‍್ಯಾಕೆಟ್ಟಿನ ಒಟ್ಟು ಸ್ವಭಾವವನ್ನು ನಿರ್ಧರಿಸುವಲ್ಲಿ ಹಾಸಿನ ಪಾಲು ದೊಡ್ಡದು. ಹೊಕ್ಕು ಅದನ್ನು ಹಿಡಿದಿಡುತ್ತದೆ, ತಿದ್ದುತ್ತದೆ.

ಲಿಯೋನ್ ನಗರದ ಕರುಳು

ಲಾನ್ ಟೆನಿಸ್ಸಿಗೆ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪೇಟೆಂಟ್ ಪಡೆದದ್ದು 1874ರಲ್ಲಿ. ಮರುವರ್ಷವೇ, ಅಂದರೆ 1875ರಲ್ಲಿ, ಫ್ರಾನ್ಸಿನ ಲಿಯೋನ್ ನಗರದ ಪಿಯೆರ್ ಬಾಬೊಲಾ ಈ ಆಟಕ್ಕಾಗಿ ಕರುಳಿನ ಎಳೆ ತಯಾರಿಸಲು ತೊಡಗಿದರು. ಅವರ ಮನೆತನಕ್ಕೆ ಕರುಳಿನ ಕೆಲಸ ಹೊಸದೇನಲ್ಲ. ಸಂಗೀತ ವಾದ್ಯಗಳಿಗೆ ತಂತಿ ಮಾಡುವುದು ಅವರ ಕಸುಬಾಗಿತ್ತು. ಪಿಟೀಲಿನ ತಂತಿ, ಶಸ್ತ್ರವೈದ್ಯರ ಹೊಲಿಗೆಯ ದಾರ, ಟೆನಿಸ್ ರ‍್ಯಾಕೆಟ್ಟಿನ ಎಳೆ, ಮೂರೂ ಒಂದೇ ಮೂಲದಿಂದ ಬಂದ ಅಣ್ಣತಮ್ಮಂದಿರು. ಇಂಗ್ಲಿಷಿನಲ್ಲಿ ಇದಕ್ಕೆ 'ಕ್ಯಾಟ್‌ಗಟ್' ಎಂಬ ಹೆಸರಿದ್ದರೂ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಮೊದಲು ಕುರಿಯ ಕರುಳು ಬಳಕೆಯಲ್ಲಿತ್ತು, ಆಮೇಲೆ ದನದ ಸಣ್ಣ ಕರುಳಿನ ಹೊರಪೊರೆ ಬಂತು. ಈ ಪೊರೆಯನ್ನು ಶುಚಿಗೊಳಿಸಿ, ಪಟ್ಟಿಗಳಾಗಿ ಸೀಳಿ, ಹಲವು ಪಟ್ಟಿಗಳನ್ನು ಒದ್ದೆಯಾಗಿರುವಾಗಲೇ ಹುರಿ ಮಾಡಿ, ಬಿಗಿಯಾಗಿ ಎಳೆದು ಒಣಗಿಸಿ, ಉಜ್ಜಿ ನುಣುಪುಗೊಳಿಸಿ, ತೇವ ತಾಗದಂತೆ ಲೇಪನ ಕೊಡುತ್ತಾರೆ.

ಕರುಳಿನ ಗುಣವೇನು? ಪ್ರಾಣಿಯ ಒಡಲಲ್ಲಿ ಹಿಗ್ಗುತ್ತ ಕುಗ್ಗುತ್ತ ಇರುವುದೇ ಅದರ ಕೆಲಸ. ಅದರಲ್ಲಿರುವ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನಿಂದ ಈ ಗುಣ ಬಂದಿದೆ. ಬಿಗಿದು ಕಟ್ಟಿದರೂ ಕರುಳು ಸೆಟೆದು ನಿಲ್ಲುವುದಿಲ್ಲ. ಚೆಂಡು ಬಿದ್ದಾಗ ಮೆದುವಾಗಿ ಜಗ್ಗಿ, ಪಡೆದ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಬಿಗಿಯನ್ನು ಬಹಳ ದಿನ ಉಳಿಸಿಕೊಳ್ಳುತ್ತದೆ. ದೋಷಗಳೂ ಇವೆ: ದುಬಾರಿ, ತೇವ ಕಂಡರೆ ಹಾಳು, ಎಳೆಗೆ ಎಳೆ ಉಜ್ಜಿ ಬೇಗ ಹಿಂಜುತ್ತದೆ.

ಎರಡನೆಯ ಮಹಾಯುದ್ಧದ ನಂತರ ನೈಲಾನ್ ಎಳೆ ಬಂದು ಸಾಮಾನ್ಯ ಆಟಗಾರರ ಕಷ್ಟವನ್ನು ತಗ್ಗಿಸಿತು. ಅಗ್ಗ, ಮಳೆಗೂ ಜಗ್ಗದು. ಆದರೆ ವೃತ್ತಿಪರರು ಕರುಳನ್ನು ಬಿಡಲಿಲ್ಲ. ಪೀಟ್ ಸಾಂಪ್ರಾಸ್ ತಮ್ಮ 14 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದದ್ದು ಚಿಕ್ಕ ತಲೆಯ ರ‍್ಯಾಕೆಟ್ಟಿಗೆ ತೆಳು ಕರುಳನ್ನು 70 ಪೌಂಡಿಗೂ ಮೀರಿದ ಬಿಗಿಯಲ್ಲಿ ಹೆಣೆಸಿಕೊಂಡು. ಕರುಳು ಅಷ್ಟು ಬಿಗಿಯಲ್ಲೂ ಒಂದಿಷ್ಟು ಮೆದುತನ ಉಳಿಸಿಕೊಳ್ಳುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಎಳೆ ಬೇಗ ಹರಿಯುತ್ತದೆಂದು ದೂರುವವರಿಗಾಗಿ ಕೆವ್ಲಾರ್ ಬಂತು. ಗುಂಡುನಿರೋಧಕ ಅಂಗಿಗೆ ಬಳಸುವ ಈ ನಾರು ಹರಿಯುವುದು ಅಪರೂಪ, ಆದರೆ ಮುಟ್ಟಿದರೆ ಕೋಲಿನಂತೆ ಗಡಸು. ಇಡೀ ರ‍್ಯಾಕೆಟ್ಟಿಗೆ ಅದನ್ನೇ ಹೆಣೆದರೆ ಕೈ ಉಳಿಯದು. ಹಾಗಾಗಿ ಉದ್ದಕ್ಕೆ ಕೆವ್ಲಾರ್, ಅಡ್ಡಕ್ಕೆ ನೈಲಾನ್ ಎಂಬ ಜೋಡಿ ಪ್ರಚಾರಕ್ಕೆ ಬಂತು. ಇಂದಿನ ಹೈಬ್ರಿಡ್ಡಿಗೆ ಇದು ಹಿರಿಯಕ್ಕನಿದ್ದಂತೆ. ಎಳೆ ಬಾಳಿಕೆ ಬರಲಿ ಎಂಬುದು ಆಗಿನ ಉದ್ದೇಶ. ಸ್ಪಿನ್ನಿನ ಲೆಕ್ಕಾಚಾರ ನಂತರ ಸೇರಿಕೊಂಡಿತು.

1977ರ ಎರಡು ಪದರದ ರ‍್ಯಾಕೆಟ್

ಆ ಲೆಕ್ಕಾಚಾರ ಅರ್ಥವಾಗಬೇಕಾದರೆ ಒಂದು ಹಳೆಯ ಜಗಳವನ್ನು ನೆನೆಯಬೇಕು. 1970ರ ದಶಕದಲ್ಲಿ ಜರ್ಮನಿಯ ವೆರ್ನರ್ ಫಿಷರ್ ಎಂಬವರು ವಿಚಿತ್ರವಾದ ಹೆಣಿಗೆಯೊಂದನ್ನು ರೂಪಿಸಿದರು. ಅದರಲ್ಲಿ ಉದ್ದದ ಎಳೆಗಳು ಎರಡು ಪದರ. ಅವು ಅಡ್ಡ ಎಳೆಗಳೊಡನೆ ಹೆಣೆದುಕೊಳ್ಳದೆ ಆಚೆಗೊಂದು ಈಚೆಗೊಂದು ಬಿಡಿಯಾಗಿ ನಿಂತಿದ್ದವು. ನಡುವೆ ಪ್ಲಾಸ್ಟಿಕ್ ಕೊಳವೆಗಳು. ಚೆಂಡು ತಾಗಿದಾಗ ಉದ್ದದ ಎಳೆಗಳೆಲ್ಲ ಒಟ್ಟಾಗಿ ಪಕ್ಕಕ್ಕೆ ಜಾರಿ, ಮತ್ತೆ ಸ್ವಸ್ಥಾನಕ್ಕೆ ಚಿಮ್ಮುತ್ತಿದ್ದವು. ಚೆಂಡು ಬುಗುರಿಯಂತೆ ತಿರುಗುತ್ತ ಹೋಗುತ್ತಿತ್ತು. ಜನ ಇದನ್ನು 'ಸ್ಪಗೆಟಿ ರ‍್ಯಾಕೆಟ್' ಎಂದು ಕರೆದರು. ಸ್ಪಗೆಟಿ ಎಂದರೆ ಇಟಲಿಯ ಶಾವಿಗೆ.

1977ರ ಅಮೆರಿಕ ಓಪನ್ನಿನಲ್ಲಿ ಮೈಕೇಲ್ ಫಿಶ್‌ಬಾಕ್ ಎಂಬ ಹೆಸರಿಲ್ಲದ ಆಟಗಾರ ಇಂಥ ರ‍್ಯಾಕೆಟ್ ಹಿಡಿದು, ವಿಂಬಲ್ಡನ್ ಗೆದ್ದಿದ್ದ ಸ್ಟ್ಯಾನ್ ಸ್ಮಿತ್ ಅವರನ್ನೇ ಸೋಲಿಸಿದ. ಅದೇ ವರ್ಷ ಅಕ್ಟೋಬರಿನಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನ ಟೂರ್ನಿಯಲ್ಲಿ ಇಲಿ ನಸ್ಟಾಸೆ ಇದನ್ನು ಹಿಡಿದು ಗಿಲೆರ್ಮೊ ವಿಲಾಸ್ ಎದುರು ಇಳಿದರು. ವಿಲಾಸ್ ಆ ವರ್ಷ ಫ್ರೆಂಚ್ ಮತ್ತು ಅಮೆರಿಕ ಓಪನ್ ಎರಡನ್ನೂ ಗೆದ್ದವರು, ಮಣ್ಣಿನ ಅಂಗಳದಲ್ಲಿ ಸತತ 53 ಪಂದ್ಯ ಗೆದ್ದು ಬಂದವರು. ಎರಡು ಸೆಟ್ ಸೋತ ಮೇಲೆ ಅವರು ಇದು ಟೆನಿಸ್ಸೇ ಅಲ್ಲವೆಂಬಂತೆ ಅಂಗಳ ಬಿಟ್ಟು ನಡೆದರು. ಅಂತರರಾಷ್ಟ್ರೀಯ ಫೆಡರೇಷನ್ ಮೊದಲು ತಾತ್ಕಾಲಿಕ ನಿಷೇಧ ಹೇರಿತು. ರ‍್ಯಾಕೆಟ್ ಎಂದರೆ ಏನೆಂದು ಅಲ್ಲಿಯವರೆಗೆ ಟೆನಿಸ್ ನಿಯಮಾವಳಿ ಹೇಳಿಯೇ ಇರಲಿಲ್ಲ. 1978ರಲ್ಲಿ ಆ ವ್ಯಾಖ್ಯೆ ಸೇರಿತು: ಎಳೆಗಳು ಹಾಯುವ ಕಡೆಯಲ್ಲೆಲ್ಲ ಒಂದರೊಳಗೊಂದು ಹೆಣೆದಿರಬೇಕು ಅಥವಾ ಅಂಟಿಕೊಂಡಿರಬೇಕು, ಹೆಣಿಗೆ ಸಮನಾಗಿರಬೇಕು. ಎಳೆ ಯಾವ ವಸ್ತುವಿನದಾಗಿರಬೇಕು ಎಂಬ ಮಾತಿಗೆ ಮಾತ್ರ ಯಾರೂ ಹೋಗಲಿಲ್ಲ. ಮುಂದಿನ ಕತೆಗೆ ಬಾಗಿಲು ತೆರೆದದ್ದು ಅಲ್ಲಿ.

1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುರ್ಟೆನ್ ಎಂಬ 20ರ ತರುಣ ವಿಶ್ವದ 66ನೇ ಶ್ರೇಯಾಂಕದಲ್ಲಿದ್ದು ಫ್ರೆಂಚ್ ಓಪನ್ ಗೆದ್ದುಬಿಟ್ಟ. ಆತನ ರ‍್ಯಾಕೆಟ್ಟಿನಲ್ಲಿ ಇದ್ದದ್ದು ಬೆಲ್ಜಿಯಂನ ಲುಕ್ಸಿಲಾನ್ ಸಂಸ್ಥೆಯ ಪಾಲಿಯೆಸ್ಟರ್ ಎಳೆ. ಆಟಗಾರರು ಒಬ್ಬರನ್ನೊಬ್ಬರು ನೋಡಿ ಕಲಿಯುವವರು. ಆಂಡ್ರೆ ಅಗಾಸ್ಸಿ 2002ರಲ್ಲಿ ಈ ಎಳೆಗೆ ಬದಲಾಯಿಸಿ ರೋಮ್ ಟೂರ್ನಿ ಗೆದ್ದರು. ಅದು ತಮ್ಮ ಆಟಕ್ಕೆ ತಂದ ಬದಲಾವಣೆಯನ್ನು ತಮ್ಮ ಆತ್ಮಕಥೆಯಲ್ಲಿ ಬೆರಗಿನಿಂದ ಬರೆದುಕೊಂಡಿದ್ದಾರೆ. ಕೆಲವೇ ವರ್ಷಗಳಲ್ಲಿ ವೃತ್ತಿಪರರ ಚೀಲಗಳಲ್ಲೆಲ್ಲ ಪಾಲಿಯೆಸ್ಟರ್ ತುಂಬಿತು.

ಸ್ಪಿನ್ ಎಲ್ಲಿಂದ ಬರುತ್ತದೆ?

ಎಳೆ ಒರಟಾಗಿದ್ದರೆ ಚೆಂಡಿನ ಮೇಲಿನ ಉಣ್ಣೆಯನ್ನು ಕಚ್ಚಿ ಹಿಡಿಯುತ್ತದೆ, ಅದರಿಂದ ಸ್ಪಿನ್ ಹೆಚ್ಚುತ್ತದೆ ಎಂಬುದು ಹಳೆಯ ನಂಬಿಕೆ. ಪಾಲಿಯೆಸ್ಟರ್ ಈ ನಂಬಿಕೆಗೆ ತೊಡಕಾಯಿತು. ಅದು ನುಣುಪಾದ ಎಳೆ, ಆದರೂ ಸ್ಪಿನ್ ಹೆಚ್ಚು. ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾಗಳಿಂದ ನೋಡಿದಾಗ ಗುಟ್ಟು ಬಯಲಾಯಿತು. ಚೆಂಡು ಎಳೆಗಳ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡ್, ಎಂದರೆ ಸೆಕೆಂಡಿನ ಇನ್ನೂರನೇ ಒಂದು ಭಾಗ. ಅಷ್ಟರಲ್ಲಿ ಉದ್ದದ ಎಳೆಗಳು ಪಕ್ಕಕ್ಕೆ ಸರಿದು, ಚೆಂಡು ಬಿಟ್ಟುಹೋಗುವ ಮುನ್ನ ಮರಳಿ ಚಿಮ್ಮಿದರೆ, ಆ ಚಿಮ್ಮುವಿಕೆ ಚೆಂಡಿಗೆ ಹೆಚ್ಚುವರಿ ತಿರುಗು ಕೊಡುತ್ತದೆ. ಹಾಗೆ ಸರಿದು ಮರಳಲು ಎಳೆಗೂ ಎಳೆಗೂ ನಡುವೆ ತಿಕ್ಕಾಟ ಕಡಿಮೆಯಿರಬೇಕು, ಎಳೆ ತಕ್ಕಷ್ಟು ಗಡಸಾಗಿರಬೇಕು. ಪಾಲಿಯೆಸ್ಟರಿನಲ್ಲಿ ಎರಡೂ ಇವೆ. 1977ರಲ್ಲಿ ನಿಷೇಧಗೊಂಡ ಜಾರುವ ಎಳೆಗಳು ನಿಯಮಕ್ಕೆ ಒಳಪಟ್ಟ ಹೆಣಿಗೆಯಲ್ಲಿಯೇ ಸಣ್ಣ ಪ್ರಮಾಣದಲ್ಲಿ ಹಿಂದಿರುಗಿದವು ಎನ್ನಬಹುದು.

ಜಪಾನಿನ ಯೊಶಿಹಿಕೊ ಕವಾಜೊಯೆ ಮತ್ತು ಸಂಗಡಿಗರು ಇದನ್ನು ಸರಳವಾದ ಪ್ರಯೋಗದಿಂದ ತೋರಿಸಿದರು. ಬಳಸಿ ಸವೆದ ಎಳೆಗಳು ಒಂದನ್ನೊಂದು ಕೊರೆದು ಗೀರು ಮಾಡಿಕೊಂಡಿರುತ್ತವೆ. ಆ ಗೀರಿನಲ್ಲಿ ಸಿಕ್ಕಿಕೊಂಡ ಎಳೆ ಸರಿಯಲಾರದು. ಎಳೆಗಳು ಹಾಯುವ ಕಡೆ ಜಾರುವ ಲೇಪವನ್ನು ಹಚ್ಚಿ ಹೊಡೆದಾಗ ಸ್ಪಿನ್ ಮತ್ತೆ ಹೆಚ್ಚಿತು. ಆಡುವಾಗ ಇದನ್ನು ಬರಿಗಣ್ಣಿನಿಂದಲೂ ಗುರುತಿಸಬಹುದು. ಹೊಡೆದ ಮೇಲೆ ಎಳೆಗಳು ಸೊಟ್ಟಗಾಗಿ ನಿಂತು, ಬೆರಳಿನಿಂದ ನೇರ ಮಾಡಬೇಕಾಗಿ ಬಂದರೆ ಅವು ಸರಿದಿವೆ, ಮರಳಿಲ್ಲ ಎಂದರ್ಥ. ತಾವಾಗಿಯೇ ನೇರವಾಗಿ ನಿಂತರೆ ಮರಳುತ್ತಿವೆ.

ಹೈಬ್ರಿಡ್ಡಿನ ತರ್ಕ ಇಲ್ಲಿ ಸ್ಪಷ್ಟವಾಗುತ್ತದೆ. ಪೂರ್ತಿ ಕರುಳು ಹೆಣೆದರೆ ಮೆದು, ಆದರೆ ಕರುಳು ಕರುಳಿಗೆ ಉಜ್ಜಿ ಹಿಂಜುತ್ತದೆ, ಸಿಕ್ಕಿಕೊಳ್ಳುತ್ತದೆ. ಪೂರ್ತಿ ಪಾಲಿಯೆಸ್ಟರ್ ಹೆಣೆದರೆ ಸ್ಪಿನ್ ಉಂಟು, ಆದರೆ ಗಡಸು. ಉದ್ದಕ್ಕೆ ಕರುಳು ಹಾಕಿ ಅಡ್ಡಕ್ಕೆ ನುಣುಪಾದ ಪಾಲಿಯೆಸ್ಟರ್ ಹಾಕಿದರೆ ಕರುಳು ಅದರ ಮೇಲೆ ಸಲೀಸಾಗಿ ಜಾರುತ್ತದೆ. ಮೆದುತನವೂ ಉಳಿಯಿತು, ಜಾರಿಕೆಯೂ ಸಿಕ್ಕಿತು. ಫೆಡರರ್ ಮತ್ತು ಜೊಕೊವಿಚ್ ಹಿಡಿದ ದಾರಿ ಇದು. ಆಂಡಿ ಮರ‍್ರೆ ಇದನ್ನು ತಿರುಗಿಸಿ ಉದ್ದಕ್ಕೆ ಪಾಲಿಯೆಸ್ಟರ್, ಅಡ್ಡಕ್ಕೆ ಕರುಳು ಹಾಕಿಸಿದರು. ಅದರಲ್ಲಿ ಹಿಡಿತ ಹೆಚ್ಚು, ಚಿಮ್ಮು ಕಡಿಮೆ. ರಫೇಲ್ ನಡಾಲ್ ಕರುಳಿನ ಗೊಡವೆಗೇ ಹೋಗದೆ ಪೂರ್ತಿ ಪಾಲಿಯೆಸ್ಟರಿನಲ್ಲಿ ಆಡಿದರು. ಒಂದೇ ಕಾಲದಲ್ಲಿ ಒಂದೇ ಟ್ರೋಫಿಗಳಿಗೆ ಸೆಣಸಿದ ನಾಲ್ವರಿಂದ ಮೂರು ಬಗೆಯ ಉತ್ತರ. ಎಲ್ಲರಿಗೂ ಶ್ರೇಷ್ಠವಾದ ಒಂದು ಎಳೆ ಇದ್ದಿದ್ದರೆ ನಾಲ್ವರೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದರು.

ಬಲದ ಪರೀಕ್ಷೆ

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲು ಬಲ. ಸಾಮಾನ್ಯ ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಮೇಲಕ್ಕೆ ಪುಟಿಯಬೇಕೆಂದು ನಿಯಮ. ಅಂದರೆ ಪ್ರತಿ ಪುಟಿತದಲ್ಲೂ ಚೆಂಡು ಶೇಕಡ 40ಕ್ಕಿಂತ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಳೆ ಹಾಗಲ್ಲ, ತಾನು ಪಡೆದದ್ದರಲ್ಲಿ ಶೇಕಡ 90ಕ್ಕೂ ಹೆಚ್ಚು ಹಿಂದಿರುಗಿಸುತ್ತದೆ. ಆದ್ದರಿಂದ ಎಳೆ ಹೆಚ್ಚು ಜಗ್ಗಿ, ಚೆಂಡು ಕಡಿಮೆ ಅಪ್ಪಚ್ಚಿಯಾದಷ್ಟೂ ನಷ್ಟ ಕಡಿಮೆ. ಸಡಿಲವಾಗಿ ಬಿಗಿಸಿದ ಎಳೆಯಿಂದ ಚೆಂಡು ತುಸು ವೇಗವಾಗಿ ಹೋಗುವುದು ಇದಕ್ಕೇ. ಬಿಗಿಯಾದಷ್ಟೂ ಬಲ ಎಂಬ ಜನಪ್ರಿಯ ಕಲ್ಪನೆ ತಲೆಕೆಳಗು.

ಆದರೆ ಈ ವ್ಯತ್ಯಾಸ ಚಿಕ್ಕದು. ಎಳೆ ಬದಲಾಯಿಸಿದ ಕೂಡಲೇ ಚೆಂಡು ಎರಡು ಮೂರು ಅಡಿ ಆಚೆ ಬಿದ್ದರೆ, ಆಟಗಾರ ಅದನ್ನು ಬಲವೆಂದು ಭಾವಿಸುತ್ತಾನೆ. ಬಹಳ ಸಲ ಅದು ಚೆಂಡು ಹೊರಟ ಕೋನದ ವ್ಯತ್ಯಾಸ. ತುಸು ಮೇಲಕ್ಕೆ ಹೊರಟ ಚೆಂಡು ತುಸು ದೂರ ಬೀಳುತ್ತದೆ. ಹಾಗಾಗಿ ಬಲವನ್ನು ಅಳೆಯಲು ಚೆಂಡು ಮೊದಲು ಬಿದ್ದ ಜಾಗವೊಂದೇ ಸಾಲದು. ಒಂದೇ ಬಗೆಯ ಸರ್ವ್ ಇಪ್ಪತ್ತು ಮೂವತ್ತು ಸಲ ಹೊಡೆದು, ಎರಡನೆಯ ಪುಟಿತ ಎಲ್ಲಿ ಆಗುತ್ತದೆಂದು ಗುರುತು ಹಾಕಿ, ಸರಾಸರಿ ನೋಡಬೇಕು. ನಾಲ್ಕು ಹೊಡೆತ ನೋಡಿ ತೀರ್ಪು ಕೊಡುವುದು ಮಳೆಯ ಎರಡು ಹನಿ ನೋಡಿ ಬೆಳೆಯ ಲೆಕ್ಕ ಹಾಕಿದಂತೆ.

ಸ್ಪಿನ್ನಿನ ಪರೀಕ್ಷೆ

ಜಾನ್ ಯಾಂಡೆಲ್ ಎಂಬ ಅಮೆರಿಕನ್ ತರಬೇತುದಾರರು ವೃತ್ತಿಪರರ ಹೊಡೆತಗಳನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ಚೆಂಡಿನ ಸುತ್ತುಗಳನ್ನು ಎಣಿಸಿದವರು. ಅವರ ಎಣಿಕೆಯಲ್ಲಿ ಸಾಂಪ್ರಾಸ್ ಮತ್ತು ಅಗಾಸ್ಸಿಯವರ ಫೋರ್‌ಹ್ಯಾಂಡ್ ನಿಮಿಷಕ್ಕೆ ಸುಮಾರು 1,800 ಸುತ್ತು, ನಡಾಲ್ ಅವರದು ಸರಾಸರಿ 3,200ರ ಆಸುಪಾಸು. ಈ ಏರಿಕೆಯ ಶ್ರೇಯಸ್ಸನ್ನೆಲ್ಲ ಎಳೆಗೇ ಕಟ್ಟುವುದು ತಪ್ಪಾಗುತ್ತದೆ. ಹಗುರವಾದ ಗ್ರಾಫೈಟ್ ಚೌಕಟ್ಟು, ದೊಡ್ಡ ತಲೆ, ಕೆಳಗಿನಿಂದ ಮೇಲಕ್ಕೆ ಬೀಸುವ ಹೊಸ ಶೈಲಿ ಇವುಗಳ ಪಾಲೂ ಇದೆ. ಚೆಂಡು ಅಂಗಳದೊಳಗೆ ಇಳಿಯುತ್ತದೆಂಬ ಧೈರ್ಯ ಬಂದರೆ ಆಟಗಾರ ಇನ್ನೂ ಜೋರಾಗಿ ಬೀಸುತ್ತಾನೆ. ಜೋರಾಗಿ ಬೀಸಿದಾಗ ಸ್ಪಿನ್ ಇನ್ನೂ ಹೆಚ್ಚುತ್ತದೆ. ಎಳೆ ಕೊಟ್ಟದ್ದೆಷ್ಟು, ಧೈರ್ಯ ಕೊಟ್ಟದ್ದೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಆದರೂ ಎಣಿಕೆ ಈಗ ಸಾಮಾನ್ಯರ ಕೈಗೆ ಎಟುಕಿದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಫೋನುಗಳಿವೆ. ಚೆಂಡಿನ ಮೇಲೆ ದಪ್ಪ ಮಸಿಯಿಂದ ಒಂದು ಗೆರೆ ಎಳೆದು, ಹೊಡೆದ ನಂತರದ ಹಾರಾಟವನ್ನು ಚಿತ್ರೀಕರಿಸಿದರೆ, ಆ ಗೆರೆ ಒಂದು ಸುತ್ತು ಬರಲು ಎಷ್ಟು ಚಿತ್ರ ಬೇಕಾಯಿತೆಂದು ಎಣಿಸಬಹುದು. ಎಂಟು ಚಿತ್ರಕ್ಕೆ ಒಂದು ಸುತ್ತಾದರೆ ಸೆಕೆಂಡಿಗೆ 30 ಸುತ್ತು, ನಿಮಿಷಕ್ಕೆ 1,800. ಹತ್ತು ಚಿತ್ರವಾದರೆ 1,440. ಎಳೆ ಜಾರುವುದನ್ನು ಈ ಫೋನಿನಲ್ಲಿ ಕಾಣಲಾಗದು, ಆ ಘಟನೆಯೆಲ್ಲ ಒಂದೆರಡು ಚಿತ್ರದಲ್ಲೇ ಮುಗಿದುಹೋಗುತ್ತದೆ. ಫಲಿತಾಂಶವನ್ನು ಮಾತ್ರ ಎಣಿಸಬಹುದು.

ಹದದ ಪರೀಕ್ಷೆ

ಮೂರನೆಯದು ಎಲ್ಲಕ್ಕಿಂತ ಕಷ್ಟ. 'ಈ ಎಳೆ ಕೈಗೆ ಹಿತವಾಗಿದೆ', 'ಚೆಂಡು ರ‍್ಯಾಕೆಟ್ಟಿನಲ್ಲಿ ಒಂದು ಕ್ಷಣ ಕೂತಂತಾಗುತ್ತದೆ' ಎಂದು ಆಟಗಾರರು ಹೇಳುವುದುಂಟು. ಆದರೆ ಚೆಂಡು ಎಳೆಯ ಮೇಲಿರುವುದು 5 ಮಿಲಿಸೆಕೆಂಡ್ ಮಾತ್ರ. ಅಂಗೈಯ ನರದಿಂದ ಸುದ್ದಿ ಮಿದುಳಿಗೆ ಮುಟ್ಟಲು 20 ಮಿಲಿಸೆಕೆಂಡಾದರೂ ಬೇಕು. ಗಂಟೆಗೆ 108 ಕಿಲೋಮೀಟರ್ ವೇಗದ ಚೆಂಡು ಅಷ್ಟರಲ್ಲಿ ರ‍್ಯಾಕೆಟ್ಟಿನಿಂದ ಅರ್ಧ ಮೀಟರ್ ದಾಟಿರುತ್ತದೆ. ಕೈ ಅನುಭವಿಸುವುದು ಆಗಿಹೋದದ್ದರ ವರದಿಯನ್ನು: ಚೌಕಟ್ಟಿನ ನಡುಕ, ಹಿಡಿಯ ಎಳೆತ, ಜೊತೆಗೆ ಕಿವಿಗೆ ಬಿದ್ದ ಸದ್ದು.

ಈ ವರದಿಯನ್ನು ಎಷ್ಟು ನಂಬಬಹುದು? ಆಸ್ಟ್ರೇಲಿಯದ ರಾಬ್ ಬೋವರ್ ಮತ್ತು ಭೌತವಿಜ್ಞಾನಿ ರಾಡ್ ಕ್ರಾಸ್ ನುರಿತ ಆಟಗಾರರ ಕೈಗೆ ಒಂದೇ ತರಹದ, ಬಿಗಿ ಮಾತ್ರ ಬೇರೆಯಾದ ರ‍್ಯಾಕೆಟ್ಟುಗಳನ್ನು ಕೊಟ್ಟು, ಯಾವುದು ಹೆಚ್ಚು ಬಿಗಿ ಎಂದು ಕೇಳಿದರು. ವ್ಯತ್ಯಾಸ 11 ಪೌಂಡಿನಷ್ಟಿದ್ದಾಗಲೂ ಬಹುಪಾಲು ಮಂದಿಗೆ ಸರಿಯಾಗಿ ಹೇಳಲಾಗಲಿಲ್ಲ. ಅಂಗಡಿಯಲ್ಲಿ 'ಒಂದು ಪೌಂಡ್ ಕಡಿಮೆ ಮಾಡಿ' ಎಂದು ಪಟ್ಟು ಹಿಡಿಯುವವರು ಯೋಚಿಸಬೇಕಾದ ಸಂಗತಿ ಇದು.

ಕಿವಿ ಮೋಸ ಮಾಡುವುದಕ್ಕೆ ಇನ್ನೊಂದು ನಿದರ್ಶನ, ಎಳೆಗಳ ನಡುವೆ ಸಿಕ್ಕಿಸುವ ರಬ್ಬರಿನ ಗುಂಡಿ. ಅದನ್ನು ಸಿಕ್ಕಿಸಿದರೆ 'ಟಣ್' ಎಂಬ ಸದ್ದು 'ಟಪ್' ಎಂದಾಗುತ್ತದೆ, ಹೊಡೆತ ಮೆದುವಾದಂತೆ ತೋರುತ್ತದೆ. ಗುಂಡಿ ನಿಲ್ಲಿಸುವುದು ಎಳೆಗಳ ಸಣ್ಣ ಕಂಪನವನ್ನು. ತೋಳಿಗೆ ಹೋಗುವ ಚೌಕಟ್ಟಿನ ನಡುಕ ಇದ್ದಂತೆಯೇ ಇರುತ್ತದೆ. ಮೊಣಕೈ ನೋವಿಗೆ ಅದು ಮದ್ದಲ್ಲ.

ಆದ್ದರಿಂದ ಹದದ ಪರೀಕ್ಷೆಯಲ್ಲಿ ಕೆಲವು ಶಿಸ್ತುಗಳು ಬೇಕು. ತೂಕ, ಸಮತೋಲ, ಹೆಣಿಗೆ ಒಂದೇ ಇರುವ ಎರಡು ರ‍್ಯಾಕೆಟ್ಟುಗಳಿರಬೇಕು. ಎರಡಕ್ಕೂ ಒಂದೇ ದಿನ, ಒಂದೇ ಯಂತ್ರದಲ್ಲಿ, ಒಬ್ಬರೇ ಎಳೆ ಬಿಗಿಸಬೇಕು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಉದ್ದದ ಎಳೆಯನ್ನೂ, ಅಡ್ಡ ಎಳೆಯನ್ನೂ, ಬಿಗಿಯನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣ ಯಾವುದರದು, ದೋಷ ಯಾವುದರದು ಎಂದು ಹೇಳಲು ಸಾಧ್ಯವೇ? ಯಾವ ರ‍್ಯಾಕೆಟ್ಟಿನಲ್ಲಿ ಯಾವ ಎಳೆಯಿದೆ ಎಂಬುದು ಆಡುವವರಿಗೆ ತಿಳಿಯದಂತೆ ಬೇರೆಯವರು ಗುರುತು ಹಾಕಿದರೆ ಇನ್ನೂ ಮೇಲು. ಎಳೆಯ ಬಣ್ಣ ಗುಟ್ಟು ಬಿಟ್ಟುಕೊಡುವ ಸಂಭವ ಇರುವುದರಿಂದ, ಸಾಧ್ಯವಾದರೆ ಒಂದೇ ಬಣ್ಣದ ಎಳೆಗಳನ್ನು ಆರಿಸಬೇಕು. ಬೆಲೆ ತಿಳಿದಿರುವ ಎಳೆ ಬೆಲೆಗೆ ತಕ್ಕಂತೆಯೇ ಕೈಗೆ ತೋರುವುದು ಮನುಷ್ಯ ಸ್ವಭಾವ.

ಬಿಗಿಯ ಅಂಕಿಯೂ ಮೋಸಗಾರ. ಯಂತ್ರದಲ್ಲಿ 52 ಪೌಂಡ್ ಎಂದು ಬಿಗಿಸಿದ ಕರುಳೂ, 52 ಪೌಂಡಿನ ಪಾಲಿಯೆಸ್ಟರೂ ಒಂದೇ ಗಡಸಲ್ಲ. ಪಾಲಿಯೆಸ್ಟರ್ ಬಹಳ ಗಡಸು. ಆದ್ದರಿಂದಲೇ ಹೈಬ್ರಿಡ್ ಹೆಣೆಯುವಾಗ ಪಾಲಿಯೆಸ್ಟರ್ ಎಳೆಗಳನ್ನು ಎರಡರಿಂದ ನಾಲ್ಕು ಪೌಂಡ್ ಕಡಿಮೆ ಬಿಗಿಯಲ್ಲಿ ಹಾಕುವ ರೂಢಿ ಬೆಳೆದಿದೆ. ಮೇಲಾಗಿ ಪಾಲಿಯೆಸ್ಟರ್ ಮೊದಲ ಒಂದು ದಿನದಲ್ಲೇ ಬಿಗಿಯ ಗಣನೀಯ ಭಾಗವನ್ನು ಕಳೆದುಕೊಳ್ಳುತ್ತದೆ. ಆಡಿದಂತೆ ಇನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ. ನಿನ್ನೆ ಹೆಣೆದದ್ದನ್ನು ಎರಡು ವಾರದ ಹಿಂದೆ ಹೆಣೆದದ್ದರ ಜೊತೆ ಹೋಲಿಸಿದರೆ ಅದು ವಯಸ್ಸಿನ ಪರೀಕ್ಷೆಯಾಗುತ್ತದೆ, ವಸ್ತುವಿನ ಪರೀಕ್ಷೆ ಆಗುವುದಿಲ್ಲ.

ಯಾರ ಮೊಣಕೈ?

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದು ಕೇಳಬಹುದು. ಕ್ಲಬ್ಬಿನಲ್ಲಿ ಸಂಜೆ ಒಂದು ಗಂಟೆ ಆಡುವವರಿಗೆ ಟ್ರೋಫಿಯ ಹಂಗಿಲ್ಲ, ನಿಜ. ಆದರೆ ಮೊಣಕೈ ಎಲ್ಲರಿಗೂ ಇದೆ. ಗಡಸು ಎಳೆಯಲ್ಲಿ ಚೆಂಡಿನ ಪೆಟ್ಟು ಕಡಿಮೆ ಸಮಯದಲ್ಲಿ, ಹೆಚ್ಚು ತೀವ್ರವಾಗಿ ತೋಳಿಗೆ ದಾಟುತ್ತದೆ. ಚೆಂಡು ನಡುಭಾಗ ಬಿಟ್ಟು ಅಂಚಿಗೆ ತಾಗಿದಾಗ ಇನ್ನೂ ಹೆಚ್ಚು. ವೃತ್ತಿಪರರು ಬಹುತೇಕ ನಡುಭಾಗಕ್ಕೇ ಹೊಡೆಯುತ್ತಾರೆ. ಅವರ ತೋಳು ವರ್ಷಗಟ್ಟಲೆ ಪಳಗಿರುತ್ತದೆ, ಹಿಂದೆ ವೈದ್ಯರ ಪಡೆಯಿರುತ್ತದೆ. ಎಳೆಯನ್ನೋ ಪ್ರತಿ ಪಂದ್ಯಕ್ಕೂ ಹೊಸದಾಗಿ ಹೆಣೆಸುತ್ತಾರೆ. ಕಲಿಯುವ ಮಕ್ಕಳ ಹೊಡೆತ ಅಂಚಿಗೆ ತಾಗುವುದೇ ಹೆಚ್ಚು. ಅವರ ಬೀಸಿನ ವೇಗಕ್ಕೆ ಪಾಲಿಯೆಸ್ಟರ್ ಎಳೆ ಸರಿದು ಚಿಮ್ಮುವಷ್ಟು ಜಗ್ಗುವುದೂ ಇಲ್ಲ. ಲಾಭ ಸಿಗದು, ಪೆಟ್ಟು ಮಾತ್ರ ಸಿಗುತ್ತದೆ.

ಇನ್ನೊಂದು ತೊಡಕಿದೆ. ನೈಲಾನ್ ಎಳೆ ಸವೆದು ಹರಿಯುತ್ತದೆ, ಹರಿದಾಗ ಬದಲಾಯಿಸುತ್ತೇವೆ. ಪಾಲಿಯೆಸ್ಟರ್ ಹರಿಯುವುದಕ್ಕೆ ಬಹಳ ಮೊದಲೇ ಸತ್ತಿರುತ್ತದೆ. ಜಗ್ಗು ಹೋಗಿ, ಜಾರಿಕೆ ಹೋಗಿ, ಬರಿಯ ಗಡಸುತನ ಉಳಿದಿರುತ್ತದೆ. ಹರಿದಿಲ್ಲವೆಂಬ ಕಾರಣಕ್ಕೆ ತಿಂಗಳುಗಟ್ಟಲೆ ಅದರಲ್ಲೇ ಆಡಿಸುವುದು ಹಣ ಉಳಿಸಿದಂತೆ ಕಾಣುತ್ತದೆ, ಅದರ ಬೆಲೆಯನ್ನು ಮೊಣಕೈ ತೆರುತ್ತದೆ. ವಾರಕ್ಕೆ ಎಷ್ಟು ಸಲ ಆಡುತ್ತೀರೋ ವರ್ಷಕ್ಕೆ ಕನಿಷ್ಠ ಅಷ್ಟು ಸಲ ಎಳೆ ಬದಲಾಯಿಸಿ ಎಂಬ ಹಳೆಯ ಸೂತ್ರ ನೈಲಾನಿಗೆ ಹೊಂದುತ್ತದೆ. ಪಾಲಿಯೆಸ್ಟರಿಗೆ ಅದೂ ಸಾಲದು.

ಹಾಗಾದರೆ ಮಗುವಿಗೆ ಏನು ಹಾಕಿಸಬೇಕು? ಮೆದುವಾದ, ಹಲವು ತಂತುಗಳನ್ನು ಹೊಸೆದ ನೈಲಾನ್ ಎಳೆಯಿಂದ ಆರಂಭಿಸುವುದು ಕ್ಷೇಮ. ಅಂಗಡಿಯಲ್ಲಿ ಇದನ್ನು 'ಮಲ್ಟಿ' ಎಂದು ಕೇಳಿದರೆ ಸಿಗುತ್ತದೆ. ತೋಳು ಬೆಳೆದು, ಬೀಸು ಬಲಿತು, ಮೂರು ನಾಲ್ಕು ವಾರಕ್ಕೊಮ್ಮೆ ಎಳೆ ಹರಿಯತೊಡಗಿದಾಗ ಹೈಬ್ರಿಡ್ಡಿನ ಕಡೆ ನೋಡಬಹುದು. ಆಗ ಒಂದು ಬದಿಗೆ ಮೆದು ನೈಲಾನ್, ಇನ್ನೊಂದು ಬದಿಗೆ ಪಾಲಿಯೆಸ್ಟರ್, ಕಡಿಮೆ ಬಿಗಿ. ಕರುಳಿನ ಖರ್ಚಿಗೆ ಕೈ ಹಾಕುವುದು ಅದಕ್ಕೂ ಆಮೇಲಿನ ಮಾತು. ತೋಳಿನಲ್ಲಿ ನೋವು ಕಾಣಿಸಿಕೊಂಡರೆ ಸ್ಪಿನ್ನಿನ ಲೆಕ್ಕವನ್ನು ಪಕ್ಕಕ್ಕಿಟ್ಟು ಮೊದಲು ಗಡಸು ಎಳೆಯನ್ನು ಬಿಚ್ಚಿಸಬೇಕು, ನೋವು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ಬಲ, ಸ್ಪಿನ್, ಹದ ಮೂರರಲ್ಲಿ ಮೊದಲೆರಡನ್ನು ಅಂಗಳದ ಗುರುತಿನಿಂದಲೂ ಕ್ಯಾಮೆರಾದಿಂದಲೂ ಸಾಕಷ್ಟು ನಿಖರವಾಗಿ ಅಳೆಯಬಹುದು. ಮೂರನೆಯದನ್ನು ಬೇರೆಯವರು ಅಳೆದು ಕೊಡಲಾರರು. ಫೆಡರರ್ ಕೈಗೆ ಹಿತವೆನಿಸಿದ್ದು ಫೆಡರರ್ ತೋಳಿನ ಕತೆ. ಕರುಳನ್ನು ಹಾಸಿಗೂ ಪಾಲಿಯೆಸ್ಟರನ್ನು ಹೊಕ್ಕಿಗೂ ಇಟ್ಟ ಆ ಜೋಡಿ ಅವರಿಗೆ ದೊರೆತದ್ದು ಪೂರ್ತಿ ಕರುಳಿನಲ್ಲಿ ವರ್ಷಗಟ್ಟಲೆ ಆಡಿದ ನಂತರ. ಅವರಿಂದ ಎರವಲು ತರಬೇಕಾದದ್ದು ಏನಾದರೂ ಇದ್ದರೆ, ಬದಲಾಯಿಸುವ ಮುನ್ನ ಹಳೆಯದನ್ನು ಚೆನ್ನಾಗಿ ಅರಿತುಕೊಂಡಿದ್ದ ಆ ಕ್ರಮವನ್ನು.